ಊಟದ ಅರಿವೆಗಳಿಗೊಂದು ಠಾವು

ಅಡುಗೆಮನೆಯ ಓರಣವನ್ನು ಕುರಿತು ಬರೆಯುವವರು ಕಾಳುಕಡಿಗಳ ಡಬ್ಬಿ, ಪಾತ್ರೆ ಪಗಡಿ, ಉಪ್ಪಿನಕಾಯಿಯ ಭರಣಿ ಇವುಗಳ ವಿಷಯವಾಗಿ ಸಾಕಷ್ಟು ಬರೆದಿದ್ದಾರೆ. ಆದರೆ ರೊಟ್ಟಿ ಸುತ್ತುವ ಅರಿವೆ, ಕೈ ಒರೆಸುವ ವಸ್ತ್ರ, ಪಂಕ್ತಿಗೆ ಹಾಸುವ ಪಟ್ಟಿ, ಊಟದ ಮೇಜಿನ ಹೊದಿಕೆ ಇವೆಲ್ಲ ಎಲ್ಲಿರಬೇಕು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಅಡುಗೆಮನೆ ದೊಡ್ಡದಿದ್ದಾಗ ಈ ಪ್ರಶ್ನೆ ಏಳುತ್ತಿರಲಿಲ್ಲ. ಆರಡಿ ಅಗಲ, ಎಂಟಡಿ ಉದ್ದದ ಕೋಣೆಯಲ್ಲಿ ಒಲೆಯ ಕಟ್ಟೆ, ಗ್ಯಾಸಿನ ಸಿಲಿಂಡರು, ಫ್ರಿಜ್ಜು, ನೀರಿನ ಕೊಡ ಎಲ್ಲವೂ ನೆರೆದಿರುವ ಇಂದಿನ ಮನೆಗಳಲ್ಲಿ ಅದು ದಿನನಿತ್ಯದ ಪ್ರಶ್ನೆಯಾಗಿದೆ.

ಕಲಬುರಗಿಯ ಶರಣಬಸವೇಶ್ವರ ಗುಡಿಯ ಸುತ್ತಲಿನ ಓಣಿಗಳಲ್ಲಿ ಈ ತೊಡಕು ವರ್ಷಕ್ಕೊಮ್ಮೆ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. 1822ರಲ್ಲಿ ಲಿಂಗೈಕ್ಯರಾದ ಆ ಮಹಾದಾಸೋಹಿಗಳ ರಥೋತ್ಸವವು ಹೋಳಿ ಹುಣ್ಣಿಮೆಯ ಬಳಿಕ ಐದನೆಯ ದಿನ ನಡೆಯುತ್ತದೆ. ಆ ದಿನಗಳಲ್ಲಿ ಹಳ್ಳಿಗಳಿಂದ ಬೀಗರು, ನೆಂಟರು ಬಂದಿಳಿಯದ ಮನೆ ಅಪರೂಪ. ನಾಲ್ಕು ಜನರ ಸಂಸಾರದಲ್ಲಿ ಹದಿನಾಲ್ಕು ತಾಟುಗಳು ಏಳುತ್ತವೆ. ಅಟ್ಟದ ಮೇಲಿನ ಗಂಟುಗಳು ಕೆಳಗಿಳಿಯುತ್ತವೆ. ಒಂದರಲ್ಲಿ ಮುಗ್ಗಿದ ವಾಸನೆ, ಇನ್ನೊಂದರಲ್ಲಿ ಇಲಿ ಕಡಿದ ತೂತು, ಮತ್ತೊಂದರಲ್ಲಿ ಹುಡುಕಿದ್ದು ಇಲ್ಲವೇ ಇಲ್ಲ. ಅತಿಥಿಗೆ ಹಾಸಬೇಕೆಂದು ವರ್ಷವಿಡೀ ಕಾಯ್ದಿಟ್ಟ ವಸ್ತ್ರ ಅತಿಥಿ ಬಂದ ದಿನವೇ ಕೆಲಸಕ್ಕೆ ಬಾರದಂತಾಗುವುದನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ.

ಮೊದಲು ಈ ಅರಿವೆಗಳು ಯಾವುವು ಎಂಬುದನ್ನು ನೋಡೋಣ. ತಾಟನ್ನು ಅಡ್ಡಣಿಗೆಯ ಮೇಲಿಟ್ಟು ನೆಲದ ಮೇಲೆ ಕುಳಿತು ಪ್ರಸಾದ ಸ್ವೀಕರಿಸುವ ನಮ್ಮ ಮನೆಗಳಲ್ಲಿ ಮೇಜಿಗೆ ಹೊದಿಕೆ ಎಂಬ ಮಾತೇ ಇರಲಿಲ್ಲ. ಕುಳಿತುಕೊಳ್ಳಲು ಜಮಖಾನೆ ಇಲ್ಲವೆ ಉದ್ದನೆಯ ಪಟ್ಟಿ, ರೊಟ್ಟಿಯ ಬುಟ್ಟಿಗೆ ಒಂದು ತೆಳುವಾದ ಬಿಳಿಯ ಅರಿವೆ, ಕೈಗೊಂದು ವಸ್ತ್ರ ಇಷ್ಟರಲ್ಲಿಯೇ ಮುಗಿಯುತ್ತಿತ್ತು. ಇದೇ ಊರಿನ ಮುಸಲ್ಮಾನ ಬಂಧುಗಳ ಮನೆಗಳಲ್ಲಿ ನೆಲದ ಮೇಲೆ ಹಾಸಿ, ಅದರ ಮೇಲೆ ಊಟವನ್ನು ಬಡಿಸುವ ದಸ್ತರಖಾನ ಉಂಟು. ಊಟ ಮುಗಿದೊಡನೆ ಅದನ್ನು ಝಾಡಿಸಿ ಮಡಿಸಿದರೆ ಕೋಣೆ ಮತ್ತೆ ಕೋಣೆಯಾಗುತ್ತದೆ. ಚಿಕ್ಕ ಮನೆಗೆ ಇದಕ್ಕಿಂತ ಒಪ್ಪುವ ಏರ್ಪಾಡು ಮತ್ತೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಈಗ ಈ ಹಳೆಯವುಗಳ ಜೊತೆಗೆ ಊಟದ ಮೇಜು, ಅದರ ಹೊದಿಕೆ, ತಾಟಿನ ಕೆಳಗಿನ ಸಣ್ಣ ಚಾಪೆಗಳು ಬಂದು ಸೇರಿವೆ. ಮದುವೆ ಮುಂಜಿಗಳಲ್ಲಿ ಆಯೇರಿಯಾಗಿ ಬಂದ ಟವಲುಗಳಂತೂ ಪ್ರತಿ ಮನೆಯಲ್ಲಿಯೂ ಡಜನುಗಟ್ಟಲೆ ಬಿದ್ದಿರುತ್ತವೆ. ಅವು ಒಂದು ಮನೆಯ ಕಪಾಟಿನಿಂದ ಇನ್ನೊಂದು ಮನೆಯ ಕಪಾಟಿಗೆ ಸಂಚಾರ ಮಾಡುತ್ತಿರುತ್ತವೆಯೇ ಹೊರತು ಯಾರ ಕೈಯನ್ನೂ ಒರೆಸುವುದಿಲ್ಲ.

ಹಿಂದಿನವರ ಮನೆಯಲ್ಲಿ ಇವಕ್ಕೆ ಠಾವು ಇತ್ತು. ದಪ್ಪ ಗೋಡೆಯಲ್ಲಿ ಮಾಡವಿತ್ತು, ತೊಲೆಯಿಂದ ಇಳಿಬಿಟ್ಟ ಗಳವಿತ್ತು, ಗೂಟವಿತ್ತು, ಬೆಕ್ಕು ಇಲಿಗಳಿಗೆ ಎಟುಕದ ನೆಲುವು ಇತ್ತು. ಇವೆಲ್ಲವೂ ನೆಲವನ್ನು ಬಿಟ್ಟು ಗೋಡೆಯನ್ನೂ ಮಾಳಿಗೆಯನ್ನೂ ಬಳಸಿಕೊಂಡ ಉಪಾಯಗಳು ಎಂಬುದನ್ನು ಗಮನಿಸಬೇಕು. ಇಂದಿನ ತೆಳುಗೋಡೆಯಲ್ಲಿ ಮಾಡ ಬರಲಾರದು. ಆದರೆ ಬಾಗಿಲ ಹಿಂಬದಿ ಇದೆ, ಕಪಾಟಿನ ಬಾಗಿಲ ಒಳಮೈ ಇದೆ, ಮೇಜಿನ ಹಲಗೆಯ ಕೆಳಗಿನ ಬರಿದಾದ ಜಾಗವಿದೆ. ಅಡುಗೆಮನೆಯ ಬಾಗಿಲ ಹಿಂದೆ ಅಡ್ಡಲಾಗಿ ಎರಡು ಕೋಲುಗಳನ್ನು ಕೂಡಿಸಿದರೆ ನಾಲ್ಕಾರು ವಸ್ತ್ರಗಳು ಗಾಳಿಯಾಡುತ್ತ ನೇತಾಡುತ್ತವೆ. ಗಳದ ಮೊಮ್ಮಗ ಅದು ಎನ್ನಬಹುದು.

ಅರಿವೆ ಇರಬಾರದ ಸ್ಥಳಗಳು ಮೂರು. ತೊಳೆಯುವ ಸಿಂಕಿನ ಕೆಳಗೆ ತೇವ ತಪ್ಪಿದ್ದಲ್ಲ. ಬಚ್ಚಲಿಗೆ ತಾಗಿದ ಗೋಡೆಯ ಶಹಾಬಾದ ಕಲ್ಲಿನ ಹಲಗೆಯೂ ಮಳೆಗಾಲದಲ್ಲಿ ತಣ್ಣಗೆ ಬೆವರುತ್ತದೆ. ಸಾಧಾರಣ ಹವೆಯಲ್ಲಿಯೇ ಹತ್ತಿಯ ನೂಲು ತನ್ನ ತೂಕದ ನೂರಕ್ಕೆ 7-8 ಪಾಲು ತೇವವನ್ನು ಹೀರಿಕೊಂಡಿರುತ್ತದೆ, ಪಾಲಿಯೆಸ್ಟರು ಒಂದು ಪಾಲನ್ನೂ ಹೀರದು. ಆದುದರಿಂದ ಮುಗ್ಗುವ ಭಯ ನಮ್ಮ ಒಳ್ಳೆಯ ಹತ್ತಿಯ ಅರಿವೆಗಳಿಗೇ ಹೆಚ್ಚು. ಮೂರನೆಯದು ಒಲೆಯ ಮೇಲಣ ಮತ್ತು ಪಕ್ಕದ ಜಾಗ. ಕೈಗೆ ಸಮೀಪವೆಂದು ಬಹಳ ಮಂದಿ ಅಲ್ಲಿಯೇ ಮೊಳೆ ಹೊಡೆದು ಮಸಿಯರಿವೆಯನ್ನು ತೂಗುಹಾಕುತ್ತಾರೆ. ಒಗ್ಗರಣೆಯ ಎಣ್ಣೆಯ ಆವಿಯೆಲ್ಲ ಅದರಲ್ಲಿ ಕೂಡುತ್ತದೆ. ಗಾಳಿಗೆ ಅದರ ಸೆರಗು ಜ್ವಾಲೆಯತ್ತ ಹಾರುತ್ತದೆ.

ಎಣ್ಣೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ವಿಸ್ತಾರವಾಗಿ ಹೇಳಬೇಕಾಗಿದೆ. ನಮ್ಮ ಭಾಗದಲ್ಲಿ ಕುಸುಬಿ ಎಣ್ಣೆಯ ಬಳಕೆ ತಲೆಮಾರುಗಳಿಂದ ಬಂದದ್ದು. ಕುಸುಬಿ ಮತ್ತು ಅಗಸಿಯ ಎಣ್ಣೆಗಳು ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯವು. ಬಣ್ಣ ತಯಾರಿಸುವವರು ಅವನ್ನು ಬಳಸುವುದು ಈ ಗುಣಕ್ಕಾಗಿಯೇ. ಸೂರ್ಯಕಾಂತಿಯ ಎಣ್ಣೆಗೂ ಇದು ಸ್ವಲ್ಪಮಟ್ಟಿಗೆ ಉಂಟು. ಒಣಗುವಾಗ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡಿ ಶಾಖವನ್ನು ಹೊರಬಿಡುತ್ತದೆ. ಅರಿವೆಯನ್ನು ಹರವಿದ್ದರೆ ಆ ಶಾಖ ಗಾಳಿಯಲ್ಲಿ ಲೀನವಾಗುತ್ತದೆ. ಎಣ್ಣೆ ಕುಡಿದ ಹಲವು ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ತುರುಕಿದ್ದರೆ ಶಾಖಕ್ಕೆ ಹಾದಿಯಿಲ್ಲದೆ ಒಳಗೊಳಗೇ ಏರುತ್ತ ಹೋಗಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳುವುದುಂಟು. ಇದು ಕಟ್ಟುಕಥೆಯಲ್ಲ, ಹೋಟೆಲುಗಳ ಅಡುಗೆಮನೆಯ ಅರಿವೆಗಳು, ಒಗೆದರೂ ಎಣ್ಣೆ ಪೂರ್ತಿ ಹೋಗದೆ, ಬಿಸಿಯಾಗಿ ಒಣಗಿದೊಡನೆಯೇ ಒಟ್ಟಲ್ಪಟ್ಟು ಬೆಂಕಿ ಹತ್ತಿದ ಪ್ರಸಂಗಗಳು ಹೊರದೇಶಗಳಲ್ಲಿ ದಾಖಲಾಗಿವೆ. ಜಾತ್ರೆಗೆ ಹೋಳಿಗೆ ಮಾಡಿದ ದಿನ, ಪಂಚಮಿಗೆ ಕರಿದ ದಿನ ನಮ್ಮ ಮನೆಗಳಲ್ಲಿ ಬೀಳುವ ಎಣ್ಣೆಯರಿವೆಗಳೇನು ಕಡಿಮೆಯೇ? ನಮ್ಮ ಬೇಸಗೆಯೋ 42-43 ಡಿಗ್ರಿ ಮುಟ್ಟುವಂತಹದು. ಆದ್ದರಿಂದ ಅವನ್ನು ಅಂದೇ ಕಾದ ನೀರು, ಸೋಪಿನ ಪುಡಿಯಲ್ಲಿ ಒಗೆಯಬೇಕು. ಒಣಗಿದ ಮೇಲೂ ಎಣ್ಣೆಯ ಕಮಟು ಉಳಿದಿದ್ದರೆ ಮತ್ತೊಮ್ಮೆ ಒಗೆಯಬೇಕು. ಬಿಸಿಲಿನಿಂದ ತಂದದ್ದನ್ನು, ಇಸ್ತ್ರಿ ಮಾಡಿದ್ದನ್ನು ಪೂರ್ಣ ಆರಿದ ಮೇಲೆ ಮಡಿಸಬೇಕು. ಒಗೆಯಲು ಬಾರದಷ್ಟು ಜಿಡ್ಡಾದ ಚಿಂದಿಯನ್ನು ಹೊರಗೆ ಹರವಿ ಒಣಗಿಸಿ, ಮನೆಯಿಂದ ದೂರ ಸಾಗಿಸುವುದೇ ಲೇಸು.

ಅರಿಶಿಣದ ಕಲೆಯ ಬಗೆಗೆ ತಾಯಂದಿರು ಅಂಜಬೇಕಾಗಿಲ್ಲ. ಸಾರು ಬಿದ್ದ ಬಿಳಿ ಹೊದಿಕೆಗೆ ಸಾಬೂನು ಹಚ್ಚಿದೊಡನೆ ಕಲೆ ಕೆಂಪಾಗಿ ಎದೆ ಝಲ್ಲೆನಿಸುತ್ತದೆ. ಅದು ಕ್ಷಾರದ ಪರಿಣಾಮ. ಒಗೆದು ಬಿಸಿಲಿಗೆ ಹರವಿದರೆ ಬೆಳಕಿಗೆ ಅರಿಶಿಣದ ಬಣ್ಣ ತಾನಾಗಿ ಕರಗುತ್ತದೆ. ಕಲಬುರಗಿಯ ಬಿಸಿಲನ್ನು ಬಯ್ಯುವವರಿಗೆ ಈ ಒಂದು ಉಪಕಾರವಾದರೂ ನೆನಪಿರಲಿ.

ಇನ್ನು ಅರಿವೆಗಳನ್ನು ವಿಂಗಡಿಸುವ ವಿಷಯ. ದಿನಬಳಕೆಯದು ಮಾತ್ರ ಅಡುಗೆಮನೆಯಲ್ಲಿರಲಿ, ಅತಿಥಿಯದು ಅಲ್ಲಿಂದ ಹೊರಗಿರಲಿ. ಐದು ಜನರ ಮನೆಗೆ ರೊಟ್ಟಿಯರಿವೆ ನಾಲ್ಕು, ಕೈವಸ್ತ್ರ ಆರು, ಮೇಜಿದ್ದರೆ ಹೊದಿಕೆ ಎರಡು ಸಾಕು; ಒಂದು ಬಳಕೆಯಲ್ಲಿ, ಒಂದು ಒಗೆತದಲ್ಲಿ. ಇದಕ್ಕಿಂತ ಹೆಚ್ಚಿನದೆಲ್ಲ ಪ್ರತಿದಿನ ಅಲ್ಲಿ ನಿಂತು ಬೇಯಿಸುವವಳ ಮೊಣಕೈಗೆ ತಾಗುವ ಜಾಗವನ್ನು ಕಸಿದುಕೊಂಡಿರುತ್ತದೆ. ವರ್ಷಕ್ಕೆರಡು ಸಲ ಬರುವ ಬೀಗರಿಗಾಗಿ ವರ್ಷಪೂರ್ತಿ ಗೃಹಿಣಿಯನ್ನು ಇಕ್ಕಟ್ಟಿನಲ್ಲಿ ನಿಲ್ಲಿಸುವುದು, ಅಟ್ಟದ ಗಂಟಿಗಾಗಿ ಅರವತ್ತು ದಾಟಿದ ಅತ್ತೆ ಸ್ಟೂಲು ಹತ್ತುವುದು ನಮಗೆ ಸರಿತೋರುವುದಿಲ್ಲ. ಅತಿಥಿಯ ಅರಿವೆಗೆ ಹಳೆಯ ಕಬ್ಬಿಣದ ಟ್ರಂಕೇ ಉತ್ತಮ. ಅದನ್ನು ಪಡಸಾಲೆಯಲ್ಲಿ ಇಟ್ಟಿಗೆಯ ಮೇಲಿರಿಸಿ, ಮೇಲೊಂದು ದುಪ್ಪಟಿ ಹಾಸಿದರೆ ಕೂಡುವ ಆಸನವೂ ಆಯಿತು.

ಮಡಿಸುವ ಬಗೆಯಲ್ಲಿಯೂ ಜಾಗ ಉಳಿಯುತ್ತದೆ. ಒಂದರ ಮೇಲೊಂದು ಒಟ್ಟಿದರೆ ಕೆಳಗಿನದನ್ನು ಎಳೆದಾಗ ರಾಶಿಯೆಲ್ಲ ಕುಸಿಯುತ್ತದೆ. ಡ್ರಾಯರಿನ ಎತ್ತರಕ್ಕೆ ಸರಿಯಾಗಿ ಮಡಿಸಿ, ಕಪಾಟಿನ ಪುಸ್ತಕಗಳಂತೆ ನಿಲ್ಲಿಸಿದರೆ ಬೇಕಾದದ್ದು ಕಣ್ಣಿಗೂ ಕಾಣುತ್ತದೆ, ಕೈಗೂ ಬರುತ್ತದೆ. ಉದ್ದನೆಯ ಹೊದಿಕೆಯನ್ನು ಮೂರು ಪದರು ಮಾಡಿ ಬಿದಿರಿನ ಕೋಲಿಗೆ ಸುತ್ತಬೇಕು. ಮಠಗಳಲ್ಲಿ ಪಂಕ್ತಿಯ ಪಟ್ಟಿಯನ್ನು ಸುರುಳಿ ಸುತ್ತಿ ಮೂಲೆಯಲ್ಲಿ ನಿಲ್ಲಿಸುವುದು ಇದೇ ಕಾರಣಕ್ಕೆ. ನಡುವೆ ಮಡಿಕೆಯ ಗೆರೆ ಬೀಳದು, ಆ ಗೆರೆಯಲ್ಲಿ ನೂಲು ಹರಿಯದು. ಗಂಜಿ ಹಾಕಿದ ವಸ್ತ್ರವನ್ನಂತೂ ಬಹುಕಾಲ ಮಡಿಸಿಡಲೇಬಾರದು. ಹಳೆಯ ಗ್ರಂಥಗಳನ್ನು ತಿನ್ನುವ ಬೆಳ್ಳಿಬಣ್ಣದ ಹುಳುವಿಗೆ ಗಂಜಿಯೆಂದರೆ ಬಲು ಪ್ರೀತಿ. ಓಲೆಗರಿಯ ಕಟ್ಟುಗಳ ಜೊತೆ ಕಾಲ ಕಳೆದ ನಮಗೆ ಅದರ ಪರಿಚಯ ಚೆನ್ನಾಗಿದೆ.

ರೊಟ್ಟಿಯರಿವೆಯದು ಬೇರೆಯೇ ಪಂಕ್ತಿ. ಹಂಚಿನಿಂದ ಇಳಿದ ಮೆತ್ತನೆಯ ಜೋಳದ ರೊಟ್ಟಿಯ ಹಬೆಯನ್ನು ಅದು ಹೀರಬೇಕು, ಆದರೆ ರೊಟ್ಟಿಯನ್ನು ಒಣಗಿಸಬಾರದು. ಇದಕ್ಕೆ ಹಲವು ಸಲ ಒಗೆದು ಮೆತ್ತಗಾದ ಹತ್ತಿಯ ಅರಿವೆಯೇ ಬೇಕು. ಹೊಳೆಯುವ ಪಾಲಿಯೆಸ್ಟರಿನಲ್ಲಿ ಹಬೆ ನೀರಾಗಿ ರೊಟ್ಟಿಯ ಮೇಲೆಯೇ ಇಳಿಯುತ್ತದೆ. ಖಡಕ ರೊಟ್ಟಿಯ ಬುಟ್ಟಿಗೂ ಬಿಸಿ ರೊಟ್ಟಿಯ ಬುಟ್ಟಿಗೂ ಒಂದೇ ಅರಿವೆ ಸಲ್ಲದು, ತೇವ ತಾಗಿದರೆ ಖಡಕ ರೊಟ್ಟಿ ಮೆತ್ತಗಾಗಿ ಬೂಸು ಹಿಡಿಯುತ್ತದೆ. ಈ ಅರಿವೆಗಳ ಹತ್ತಿರ ನುಸಿಗುಳಿಗೆ ಸುಳಿಯಬಾರದು. ಅದರ ವಾಸನೆ ರೊಟ್ಟಿಗೆ ಹತ್ತುವುದಲ್ಲದೆ, ನುಂಗಿದರೆ ಅದು ಮಕ್ಕಳಿಗೆ ವಿಷ. ಒಣಗಿದ ಬೇವಿನ ಎಲೆಯನ್ನು ತೆಳು ಚೀಲದಲ್ಲಿ ಕಟ್ಟಿ ಟ್ರಂಕಿನಲ್ಲಿಟ್ಟರೆ ಸಾಕು, ಅದೂ ವರ್ಷಕ್ಕೆರಡು ಬಾರಿ ಬದಲಾಗಬೇಕು.

ನಮ್ಮಲ್ಲಿ ಮಳೆ ಹೆಚ್ಚಾಗಿ ಸುರಿಯುವುದು ಸೆಪ್ಟೆಂಬರಿನಲ್ಲಿ. ಆ ತಿಂಗಳು ಬಿಸಿಲು ಬಿದ್ದ ದಿನ ಟ್ರಂಕನ್ನು ತೆರೆದು ಎಲ್ಲವನ್ನೂ ಒಮ್ಮೆ ಹರವಿಬಿಡಬೇಕು. ಬೇಸಗೆಯಲ್ಲಿ ತೇವದ ಭಯವಿಲ್ಲ, ಎರೆಮಣ್ಣಿನ ಧೂಳಿನ ಭಯವಿದೆ. ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟರೆ ಧೂಳು ಒಳಹೊಗದು, ಗಾಳಿಯೂ ನಿಲ್ಲದು. ಪ್ಲಾಸ್ಟಿಕ್ ಚೀಲ ಧೂಳನ್ನು ತಡೆದರೂ ಒಳಗಿನ ತೇವವನ್ನು ಹೊರಬಿಡುವುದಿಲ್ಲ.

ಜಾತ್ರೆ ಮುಗಿದು ನೆಂಟರು ಬಸ್ಸು ಹತ್ತಿದ ಮರುದಿನವೇ ಈ ಕೆಲಸಕ್ಕೆ ತಕ್ಕ ದಿನ. ಬಿಸಿಲು ಸಾಕಷ್ಟಿರುತ್ತದೆ, ಅರಿವೆಗಳೆಲ್ಲ ಹೊರಗೆ ಬಿದ್ದಿರುತ್ತವೆ. ಮಾಳಿಗೆಗೆ ಹೊತ್ತು ಹರವುವ ಕೆಲಸವನ್ನು ಗಂಡುಮಕ್ಕಳು ವಹಿಸಿಕೊಳ್ಳಲಿ. ಹರಿದವನ್ನು ಮಸಿಯರಿವೆಗೆ ತೆಗೆದು, ಉಳಿದವನ್ನು ಎಣಿಸಿ, ಹಾಸುವ ಪಟ್ಟಿ ಎಷ್ಟು, ಹೊದಿಕೆ ಎಷ್ಟು, ಕೈವಸ್ತ್ರ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಟ್ರಂಕಿನ ಮುಚ್ಚಳದ ಒಳಮೈಗೆ ಅಂಟಿಸಿರಿ. ಮುಂದಿನ ಹೋಳಿಗೆ ಸೊಸೆಯೊಬ್ಬಳೇ ಮನೆಯಲ್ಲಿದ್ದರೂ ಅವಳಿಗೆ ಯಾರನ್ನೂ ಕೇಳುವ ಪ್ರಸಂಗ ಬರುವುದಿಲ್ಲ.