ರಜೆಯ ಎರಡು ದಿನ: ದಂಡೆಯಲ್ಲಿ ಕುಳಿತವರನ್ನು ಮರೆಯದಿರೋಣ

ಶಾಲೆಗಳಿಗೆ ರಜೆ ಸಮೀಪಿಸುತ್ತಿದ್ದಂತೆ ನಮ್ಮ ಮನೆಗಳಲ್ಲಿ ಮಕ್ಕಳ ಬೇಡಿಕೆಯೊಂದು ತಪ್ಪದೆ ಕೇಳಿಬರುತ್ತದೆ: ‘ಈ ಸಲ ಹೈದರಾಬಾದಿಗೆ ಹೋಗೋಣ.’ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಹಿರಿಯರಿಗೆ ಹೈದರಾಬಾದ್ ಎಂದರೆ ದೊಡ್ಡ ಆಸ್ಪತ್ರೆ, ಮದುವೆಯ ಜವಳಿ, ಇಲ್ಲವೇ ನೌಕರಿಯ ಹುಡುಕಾಟ. ಇಂದಿನ ಮಕ್ಕಳಿಗಾದರೋ ಅದು ರಾಮೋಜಿ ಫಿಲ್ಮ್ ಸಿಟಿ, ವಂಡರ್‌ಲಾಗಳ ಊರು. ಬೆಂಗಳೂರಿನ ಬಿಡದಿಯ ವಂಡರ್‌ಲಾ ನಮಗೆ 500 ಕಿಲೋಮೀಟರಿಗೂ ಹೆಚ್ಚು ದೂರ. ಹೈದರಾಬಾದಾದರೆ ವಾಡಿಯಿಂದ 200 ಕಿಲೋಮೀಟರಿನೊಳಗೆ. ಆದ್ದರಿಂದ ಎರಡು ದಿನಗಳ ಕುಟುಂಬ ಪ್ರವಾಸಕ್ಕೆ ನಮ್ಮ ಭಾಗದವರ ಕಣ್ಣು ಮೊದಲು ಅತ್ತ ಹೊರಳುವುದು ಸಹಜವೇ ಆಗಿದೆ.

ಈ ಬೇಡಿಕೆಯನ್ನು ದುಂದುಗಾರಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸಿಮೆಂಟ್ ಕಾರ್ಖಾನೆಗಳ ಪಾಳಿ, ಕಲ್ಲುಗಣಿಗಳ ದುಡಿಮೆ, ಹೊಲದ ಕೆಲಸ ಇವುಗಳ ನಡುವೆ ತಂದೆ ಮನೆಗೆ ಬರುವ ಹೊತ್ತಿಗೆ ಮಕ್ಕಳು ನಿದ್ರಿಸಿರುತ್ತಾರೆ. ಮಕ್ಕಳು ಏಳುವ ಹೊತ್ತಿಗೆ ತಾಯಿ ಒಲೆಯ ಮುಂದಿರುತ್ತಾಳೆ. ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ದಿನಗಳೇ ವಿರಳ. ದುಡಿದು ಬಂದ ಪ್ರೇಷಿತರನ್ನು ಯೇಸುಸ್ವಾಮಿ ಏಕಾಂತ ಸ್ಥಳಕ್ಕೆ ವಿಶ್ರಾಂತಿಗೆಂದು ಕರೆದೊಯ್ದ ಪ್ರಸಂಗವನ್ನು ಸಂತ ಮಾರ್ಕರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ನಾವು ಓದಿದ್ದೇವೆ. ವಿಶ್ರಾಂತಿ ಸೋಮಾರಿಗಳ ಬಯಕೆಯಲ್ಲ, ದುಡಿಯುವವರ ಹಕ್ಕು.

ಆದರೆ ಆ ವಿಶ್ರಾಂತಿ ಮನೆಯ ಯಾರಿಗೆ ದೊರೆಯುತ್ತದೆ ಎಂಬ ಪ್ರಶ್ನೆಯನ್ನು ನಾವು ಅಪರೂಪಕ್ಕೆ ಕೇಳಿಕೊಳ್ಳುತ್ತೇವೆ. ಯಾವುದೇ ಜಲವಿಹಾರದ ದಂಡೆಯನ್ನು ನೋಡಿರಿ. ಕೊಳದಲ್ಲಿ ಮಕ್ಕಳೂ ಗಂಡಸರೂ ನಲಿಯುತ್ತಿದ್ದರೆ, ದಂಡೆಯ ಮೇಲೆ ಚೀಲ, ಚಪ್ಪಲಿ, ಮೊಬೈಲ್‌ಗಳ ಕಾವಲಿಗೆ ಸೀರೆಯುಟ್ಟ ತಾಯಿಯೊಬ್ಬಳು ಕುಳಿತಿರುತ್ತಾಳೆ; ಅವಳ ಪಕ್ಕದಲ್ಲಿ ಬಿಸಿಲಿಗೆ ಬಳಲಿದ ಅಜ್ಜಿ. ಇವರೂ ಟಿಕೆಟ್ ಪಡೆದೇ ಒಳಬಂದವರು. ಪ್ರವಾಸದ ಹಿಂದಿನ ರಾತ್ರಿ ರೊಟ್ಟಿ ಬಡಿದವರೂ, ಮರಳಿ ಬಂದ ಮೇಲೆ ಒದ್ದೆ ಬಟ್ಟೆ ಒಗೆಯಬೇಕಾದವರೂ ಇವರೇ. ಇಂಥ ಪ್ರವಾಸದಿಂದ ಕುಟುಂಬ ವಿಶ್ರಮಿಸಿತೆಂದು ಹೇಳಲು ಬಾಯಿ ಬರುವುದಾದರೂ ಹೇಗೆ? ಆದ್ದರಿಂದ ಪ್ರವಾಸದ ಯೋಜನೆಯನ್ನು ಮನೆಯ ಬಲಿಷ್ಠರ ಆಸೆಯಿಂದ ಆರಂಭಿಸದೆ, ಹೆಚ್ಚು ನಡೆಯಲಾರದವರಿಂದ, ಏನನ್ನೂ ಕೇಳದವರಿಂದ ಆರಂಭಿಸಬೇಕೆಂಬುದು ನಮ್ಮ ವಿನಂತಿ.

ಸ್ಥಳದ ಆಯ್ಕೆ

ಈ ದೃಷ್ಟಿಯಿಂದ ಎರಡೂ ಸ್ಥಳಗಳನ್ನು ಹೋಲಿಸಬಹುದು. 1996ರಲ್ಲಿ ಆರಂಭವಾದ ರಾಮೋಜಿ ಫಿಲ್ಮ್ ಸಿಟಿ 1,666 ಎಕರೆಗಳಷ್ಟು ವಿಸ್ತಾರವಾಗಿದ್ದು, ಜಗತ್ತಿನ ಅತಿ ದೊಡ್ಡ ಚಲನಚಿತ್ರ ನಿರ್ಮಾಣ ಸಂಕೀರ್ಣವೆಂದು ಗಿನ್ನೆಸ್ ದಾಖಲೆಗೆ ಸೇರಿದೆ. ಇಲ್ಲಿ ಸಂದರ್ಶಕರನ್ನು ಸಂಸ್ಥೆಯ ಬಸ್ಸುಗಳಲ್ಲೇ ಕೂರಿಸಿ ಚಿತ್ರೀಕರಣದ ಬೀದಿಗಳು, ಕೃತಕ ನಿಲ್ದಾಣಗಳು, ಉದ್ಯಾನಗಳ ನಡುವೆ ಸುತ್ತಿಸುತ್ತಾರೆ. ಹಿರಿಯರು ಕುಳಿತೇ ಬಹಳಷ್ಟನ್ನು ನೋಡಬಹುದು. ಆವರಣದೊಳಗೆ ತಾರಾ, ಸಿತಾರಾ ಎಂಬ ಹೋಟೆಲುಗಳೂ ಇರುವುದರಿಂದ, ಅನುಕೂಲವುಳ್ಳವರು ಒಂದು ರಾತ್ರಿ ಅಲ್ಲಿಯೇ ತಂಗಲೂಬಹುದು.

ವಂಡರ್‌ಲಾದ ಹೈದರಾಬಾದ್ ಉದ್ಯಾನ ರಾವಿರ್ಯಾಲದ ಬಳಿ 2016ರಲ್ಲಿ ತೆರೆಯಿತು. ಇದು ಮುಖ್ಯವಾಗಿ ಆಟಗಳ ಸ್ಥಳ. ಬೆಳೆದ ಮಕ್ಕಳಿಗೂ ಯುವಕರಿಗೂ ಹಬ್ಬ. ಇಲ್ಲಿ ಮಗುವಿನ ಟಿಕೆಟನ್ನು ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಧರಿಸುತ್ತಾರೆ. ರಭಸದ ಆಟಗಳಿಗೆ ಸಾಕಷ್ಟು ಎತ್ತರವಿಲ್ಲದ ಮಕ್ಕಳನ್ನು ಹತ್ತಿಸುವುದಿಲ್ಲ. ಆದುದರಿಂದ ಹೊರಡುವ ಮುನ್ನವೇ ಮನೆಯ ಗೋಡೆಗೆ ನಿಲ್ಲಿಸಿ ಮಗುವಿನ ಎತ್ತರ ಅಳೆದು, ಯಾವ ಆಟ ಅವನಿಗೆ ಸಿಗದೆಂಬುದನ್ನು ತಿಳಿಹೇಳಿದರೆ ಅಲ್ಲಿಯ ಸರತಿಯಲ್ಲಿ ಕಣ್ಣೀರು ತಪ್ಪುತ್ತದೆ. ಹೃದ್ರೋಗಿಗಳು, ಬೆನ್ನುಮೂಳೆಯ ತೊಂದರೆಯುಳ್ಳವರು, ಗರ್ಭಿಣಿಯರು ಇಂತಹ ಆಟಗಳಿಂದ ದೂರವಿರಲೇಬೇಕು.

ಇನ್ನೊಂದು ಸಣ್ಣ ಸಂಗತಿಯೂ ಗಮನಾರ್ಹ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆಯಲ್ಲಾಗಲಿ ಸೀರೆಯಲ್ಲಾಗಲಿ ಇಳಿಯಗೊಡುವುದಿಲ್ಲ. ನೈಲಾನಿನಂತಹ ಕೃತಕ ನೂಲಿನ ಉಡುಪೇ ಬೇಕು. ತಾಯಂದಿರು ದಂಡೆಯಲ್ಲೇ ಉಳಿಯುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮೈಮುಚ್ಚುವ, ಗೌರವಯುತವಾದ ಅಂತಹ ಉಡುಪು ಪೇಟೆಯಲ್ಲಿ ದೊರೆಯುತ್ತದೆ. ಮಕ್ಕಳಿಗೆ ಕೊಳ್ಳುವಾಗಲೇ ತಾಯಿಗೂ ಒಂದನ್ನು ಕೊಂಡು, ಚೀಲಗಳನ್ನು ಬಾಡಿಗೆಯ ಲಾಕರಿನಲ್ಲಿಟ್ಟರೆ, ಅವಳೂ ನೀರಿಗಿಳಿಯಬಹುದು. ಇಳಿಯಲು ಮನಸ್ಸಿಲ್ಲದಿದ್ದರೆ ಆ ಮಾತು ಬೇರೆ. ಆದರೆ ಆ ತೀರ್ಮಾನ ಅವಳದಾಗಿರಲಿ.

ದಾರಿ ಮತ್ತು ಖರ್ಚು

ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ವಾಡಿ-ಸಿಕಂದರಾಬಾದ್ ರೈಲುಮಾರ್ಗವೇ ಇಂದಿಗೂ ನಮ್ಮ ರಾಜಬೀದಿ. ಚಿತ್ತಾಪುರ, ಸೇಡಂಗಳು ಆ ಮಾರ್ಗದಲ್ಲೇ ಇವೆ. ಶಹಾಬಾದಿನವರು ವಾಡಿಗೆ ಬಂದು ಹತ್ತುವುದು ಲೇಸು, ಏಕೆಂದರೆ ಹೆಚ್ಚಿನ ಗಾಡಿಗಳು ಅಲ್ಲಿ ನಿಲ್ಲುತ್ತವೆ. ಚಿಂಚೋಳಿಯವರಿಗೆ ತೆಲಂಗಾಣದ ತಾಂಡೂರು ನಿಲ್ದಾಣ ಸಮೀಪ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅಂತರರಾಜ್ಯ ಬಸ್ಸುಗಳಿಗೆ ಅನ್ವಯಿಸದು ಎಂಬುದನ್ನು ಮಹಿಳೆಯರು ನೆನಪಿನಲ್ಲಿಡಬೇಕು. ಹೈದರಾಬಾದಿನ ನಾಂಪಲ್ಲಿ ನಿಲ್ದಾಣದಲ್ಲಿ ಇಳಿದವರಿಗೆ ಮೆಟ್ರೊ ಹತ್ತಿರವಿದ್ದು, ಅದರಲ್ಲಿ ಎಲ್.ಬಿ. ನಗರದವರೆಗೆ ಹೋಗಿ ಅಲ್ಲಿಂದ ವಿಜಯವಾಡಾ ರಸ್ತೆಯಲ್ಲಿ ಫಿಲ್ಮ್ ಸಿಟಿಯ ಕಡೆಗೆ ಬಸ್ ಹಿಡಿಯಬಹುದು.

ರೈಲಿನ ಮುಂಗಡ ಕಾದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿಸಲಾಯಿತು. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಐದರಿಂದ ಹನ್ನೊಂದು ವಯಸ್ಸಿನ ಮಕ್ಕಳಿಗೆ ಪ್ರತ್ಯೇಕ ಬರ್ತ್ ಬೇಕಾದರೆ ಪೂರ್ಣ ದರ ತೆರಬೇಕೆಂಬ ನಿಯಮ 2016ರಿಂದ ಜಾರಿಗೆ ಬಂತು. ಹಳೆಯ ಲೆಕ್ಕವನ್ನೇ ನಂಬಿ ಹೊರಟವರಿಗೆ ಅಜ್ಜಿಯ ಟಿಕೆಟೂ ಮೊಮ್ಮಗನ ಟಿಕೆಟೂ ಭಾರವೆನಿಸೀತು. ಹಾಗಾದಾಗ ‘ನಾನು ಮನೆಯಲ್ಲೇ ಇರುತ್ತೇನೆ’ ಎಂದು ಹೇಳುವವಳು ಅಜ್ಜಿಯೇ. ಆ ಮಾತನ್ನು ನಾವು ಬಹಳ ಸುಲಭವಾಗಿ ಒಪ್ಪಿಬಿಡುತ್ತೇವೆ.

ಆದಕಾರಣ ಪ್ರವಾಸಕ್ಕೆ ಎರಡು ತಿಂಗಳ ಮೊದಲೇ ಒಂದು ಸಂಜೆ ಮನೆಮಂದಿ ಒಟ್ಟಿಗೆ ಕುಳಿತು ಖರ್ಚಿನ ಪಟ್ಟಿ ಬರೆಯಲಿ. ರೈಲು, ಊರೊಳಗಿನ ಓಡಾಟ, ಪ್ರವೇಶ, ವಸತಿ, ಊಟ, ಆಪತ್ಕಾಲದ ಹಣ ಎಲ್ಲವೂ ಅದರಲ್ಲಿರಲಿ. ದಿನಗೂಲಿಯವರು ಕಳೆದುಹೋಗುವ ಎರಡು ದಿನಗಳ ಕೂಲಿಯನ್ನೂ ಖರ್ಚಿನಲ್ಲೇ ಬರೆಯಬೇಕು. ಮನರಂಜನಾ ಉದ್ಯಾನಗಳ ದರ ವಾರದ ದಿನಗಳಿಗೂ ರಜಾದಿನಗಳಿಗೂ ಬೇರೆಯಿರುವುದರಿಂದ ಸಂಸ್ಥೆಯಿಂದಲೇ ವಿಚಾರಿಸಿಕೊಳ್ಳುವುದು ಒಳಿತು. ವಂಡರ್‌ಲಾದಲ್ಲಿ ಹೊರಗಿನ ತಿಂಡಿಗೆ ಅವಕಾಶವಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ರೈಲಿನಲ್ಲೇ ಬಿಚ್ಚಬೇಕಾಗುತ್ತದೆ. ಪಟ್ಟಿಯ ಮೊತ್ತ ಮಕ್ಕಳಿಗೂ ತಿಳಿಯಲಿ. ತಂದೆಯ ದುಡಿಮೆಯ ಬೆಲೆಯನ್ನು ಅವರು ಅರಿಯುವುದು ಹೀಗೆಯೇ. ಜೂನ್ ತಿಂಗಳ ಶಾಲಾ ಶುಲ್ಕದ ಹಣವನ್ನು ಮುರಿದು, ಇಲ್ಲವೇ ಮಾಂಗಲ್ಯವನ್ನು ಅಡವಿಟ್ಟು ಹೋಗುವ ಪ್ರವಾಸ ಮನೆಗೆ ಸುಖ ತಾರದು.

ಭಾನುವಾರ ಮತ್ತು ಜನಸಂದಣಿ

ಕಾಲದ ಆಯ್ಕೆಯಲ್ಲಿಯೂ ವಿವೇಕವಿರಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಪಸ್ಸುಕಾಲ ವಿಹಾರದ ಸಮಯವಲ್ಲ. ದಸರಾ ರಜೆ ಎಲ್ಲ ರೀತಿಯಿಂದಲೂ ಮೇಲು. ಪ್ರವಾಸದ ನಡುವೆ ಭಾನುವಾರ ಬಂದರೆ ಪೂಜೆಯನ್ನು ಬಿಡಬೇಕಾಗಿಲ್ಲ. ಶನಿವಾರ ಸಂಜೆಯ ಪೂಜೆಯಲ್ಲಿ ಪಾಲ್ಗೊಂಡರೂ ಭಾನುವಾರದ ಕರ್ತವ್ಯ ಸಲ್ಲುತ್ತದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಸಿಕಂದರಾಬಾದಿನಲ್ಲಿ, 2008ರಲ್ಲಿ ಬಸಿಲಿಕಾ ಪದವಿ ಪಡೆದ ಸಂತ ಮೇರಿ ದೇವಾಲಯವಿದೆ. ಪೂಜೆಯ ವೇಳೆಯನ್ನು ಮೊದಲೇ ಕೇಳಿಕೊಂಡು ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಜನಸಂದಣಿಯ ಬಗೆಗೂ ಎಚ್ಚರ ಬೇಕು. ಜೆರುಸಲೇಮಿನ ಹಬ್ಬ ಮುಗಿಸಿ ಮರಳುವಾಗ, ಮಗನು ಬಂಧುಗಳ ಗುಂಪಿನಲ್ಲಿರಬಹುದೆಂದು ಭಾವಿಸಿ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಒಂದು ದಿನದ ದಾರಿ ಸಾಗಿದ್ದರು. ಬಾಲ ಯೇಸು ದೊರೆತದ್ದು ಮೂರು ದಿನಗಳ ಬಳಿಕ. ಪವಿತ್ರ ಕುಟುಂಬಕ್ಕೇ ಒದಗಿದ ಈ ಸಂಕಟ ನಮಗೂ ಒದಗಬಾರದೆಂದಿಲ್ಲ. ಯಾರಾದರೊಬ್ಬರು ನೋಡಿಕೊಳ್ಳುತ್ತಾರೆ ಎಂಬ ಭರವಸೆಯೇ ಗುಂಪಿನ ಪ್ರವಾಸದ ದೊಡ್ಡ ಅಪಾಯ. ಪ್ರತಿಯೊಂದು ಮಗುವಿಗೂ ಒಬ್ಬ ಹಿರಿಯರನ್ನು ಹೆಸರಿಟ್ಟು ಗೊತ್ತುಮಾಡಿರಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂಬುದನ್ನು ಒಳಹೋದ ಕೂಡಲೇ ತೋರಿಸಿರಿ. ದೂರವಾಣಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಗುವಿನ ಜೇಬಿನಲ್ಲಿಡಿರಿ.

ಪಟ್ಟಿಯ ಮೊತ್ತ ಕೈಗೆಟುಕದ ಮನೆಗಳೂ ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯಿಲ್ಲ. ಅಂಥವರು ನಿರಾಶರಾಗಬೇಕಿಲ್ಲ. ಚಿಂಚೋಳಿಯ ಕಾಡು, ಅಲ್ಲಿಯ ಚಂದ್ರಂಪಳ್ಳಿ ಜಲಾಶಯ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ರಾಷ್ಟ್ರಕೂಟರ ರಾಜಧಾನಿಯ ಕೋಟೆ. ಭೀಮಾ ತೀರದ ಸನ್ನತಿಯ ಬಳಿ, ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕ ಚಕ್ರವರ್ತಿಯ ಹೆಸರು ಕೆತ್ತಿದ ಶಿಲ್ಪ, ಇವೆಲ್ಲ ಒಂದೇ ದಿನದಲ್ಲಿ ಹೋಗಿಬರುವ ದೂರದಲ್ಲಿವೆ. ಒಂದು ಬುತ್ತಿ, ಒಂದು ಚಾಪೆ, ಜೊತೆಗೆ ಮನೆಮಂದಿಯೆಲ್ಲ ಇದ್ದರೆ ಸಾಕು.

ಹೈದರಾಬಾದೇ ಇರಲಿ, ಚಂದ್ರಂಪಳ್ಳಿಯೇ ಇರಲಿ, ಟಿಕೆಟ್ ಕಾದಿರಿಸುವ ಮುನ್ನ ಮನೆಯಲ್ಲಿ ಎಂದೂ ಏನನ್ನೂ ಕೇಳದವರ ಬಳಿ ಹೋಗಿ, ‘ನಿಮಗೆ ಎಲ್ಲಿಗೆ ಹೋಗಬೇಕೆಂಬ ಆಸೆಯಿದೆ?’ ಎಂದು ಒಮ್ಮೆ ಕೇಳಿರಿ. ಉತ್ತರ ತಡವಾಗಿ ಬಂದರೂ ಕಾಯಿರಿ.