ಅಮೆರಿಕದ ಮಗನಿಗೆ ರೈಫಲ್ ಆಸೆ: ಕೊಳ್ಳುವುದೋ, ಜೋಡಿಸುವುದೋ, ಬಿಡುವುದೋ?

ಡೊಂಬಿವಲಿ ಪೂರ್ವದ ಆ ಮನೆಯಲ್ಲಿ ರವಿವಾರ ಬೆಳಗ್ಗೆ ಅಮೆರಿಕದಿಂದ ಬರುವ ಫೋನೆಂದರೆ ಒಂದು ಸಣ್ಣ ಹಬ್ಬ. ಮನೆಯ ಯಜಮಾನರು ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಪರಿಸರದ ಕನ್ನಡ ಸಂಘದ ಲೆಕ್ಕಪತ್ರವನ್ನು ಇಂದಿಗೂ ಅವರೇ ನೋಡಿಕೊಳ್ಳುತ್ತಾರೆ. ಮಗ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಸಮೀಪ ಎಚ್-1ಬಿ ವೀಸಾದಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಊಟ, ಆರೋಗ್ಯ, ಊರಿನ ನೇಮ, ಹೆಣ್ಣು ನೋಡುವ ವಿಚಾರ, ಇಷ್ಟರಲ್ಲೇ ಮುಗಿಯುತ್ತಿದ್ದ ಮಾತುಕತೆ ಒಂದು ರವಿವಾರ ಬೇರೆಯೇ ದಾರಿ ಹಿಡಿಯಿತು.

"ಅಪ್ಪಾ, ಒಂದು ರೈಫಲ್ ತೆಗೊಳ್ಳುವಾಂತ ಇದ್ದೇನೆ. ಅಂಗಡಿಯಲ್ಲಿ ರೆಡಿ ಇರುವುದನ್ನೇ ತೆಗೊಳ್ಳಲಾ, ಬಿಡಿಭಾಗ ತರಿಸಿ ನಾನೇ ಜೋಡಿಸಲಾ? ಇಲ್ಲಿ ಆಫೀಸಿನಲ್ಲಿ ಎಲ್ಲರೂ ಶನಿವಾರ ರೇಂಜಿಗೆ ಹೋಗ್ತಾರೆ. ನೀವು ಬಂದಾಗ ನಿಮ್ಮನ್ನೂ ಕರಕೊಂಡು ಹೋಗ್ತೇನೆ."

ಫ್ರಿಜ್ ಕೊಳ್ಳುವ ಧಾಟಿಯಲ್ಲಿ ಬಂದ ಈ ಪ್ರಶ್ನೆಗೆ ತಂದೆ ಕ್ಷಣಕಾಲ ನಿರುತ್ತರರಾದರು. ತಾಯಿ ಮಾತ್ರ, "ಆಗಲೇ ಮದುವೆ ಮಾಡಿಸಿ ಅಂತ ಬಡಕೊಂಡೆ, ಕೇಳಿದಿರಾ?" ಎಂದರಂತೆ. ಆದರೆ ಲೆಕ್ಕದ ಮನುಷ್ಯ ಸಿಟ್ಟಿಗೇಳಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಮೂರು ಕಲಮು ಎಳೆದರು: ಕೊಳ್ಳುವುದು, ಜೋಡಿಸುವುದು, ಬಿಡುವುದು. ಮುಂದಿನ ರವಿವಾರದೊಳಗೆ ಮೂರನ್ನೂ ತುಂಬಿಸೋಣ ಎಂದು ತಂದೆ ಮಗ ಒಪ್ಪಂದ ಮಾಡಿಕೊಂಡರು. ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿರುವ ಹೊರನಾಡ ಕನ್ನಡಿಗರೆಲ್ಲರೂ ಒಮ್ಮೆ ಓದಬೇಕಾದ ಹಾಳೆ ಅದು.

ಏನಿದು ಈ ರೈಫಲ್?

ಮಗ ಹೇಳಿದ್ದು ಎಆರ್-15 ಮಾದರಿಯ ಸೆಮಿ ಆಟೊಮ್ಯಾಟಿಕ್ ರೈಫಲ್. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು ಹಾರುತ್ತದೆ, ಮುಂದಿನ ಗುಂಡು ತಾನಾಗಿಯೇ ನಳಿಗೆಯ ಬಾಯಿಗೆ ಬಂದು ಕೂರುತ್ತದೆ. ಎಳೆದು ಹಿಡಿದಷ್ಟು ಹೊತ್ತು ಗುಂಡಿನ ಮಳೆಗರೆಯುವ ಮೆಷಿನ್‌ಗನ್ ಇದಲ್ಲ. 'ಎಆರ್' ಎಂಬುದು ಇದನ್ನು 1950ರ ದಶಕದಲ್ಲಿ ರೂಪಿಸಿದ ಆರ್ಮಲೈಟ್ ಕಂಪೆನಿಯ ಹೆಸರಿನಿಂದ ಬಂದದ್ದು. ಯೂಜಿನ್ ಸ್ಟೋನರ್ ಇದರ ವಿನ್ಯಾಸಕಾರ. 1959ರಲ್ಲಿ ಹಕ್ಕು ಕೋಲ್ಟ್ ಕಂಪೆನಿಗೆ ಮಾರಾಟವಾಯಿತು, 1964ರಿಂದ ನಾಗರಿಕರಿಗೂ ಸಿಗತೊಡಗಿತು. ಪೇಟೆಂಟ್ ಅವಧಿ ಮುಗಿದ ಬಳಿಕ ಹತ್ತಾರು ಕಂಪೆನಿಗಳು ಇದೇ ಅಳತೆಯಲ್ಲಿ ತಯಾರಿಸಲು ಆರಂಭಿಸಿದವು. ಒಬ್ಬರ ಭಾಗ ಇನ್ನೊಬ್ಬರದಕ್ಕೆ ಕೂಡುವುದರಿಂದಲೇ 'ಜೋಡಿಸುವ' ಹವ್ಯಾಸ ಬೆಳೆಯಿತು.

ಅಲ್ಲಿನ ವ್ಯಾಪಾರಸ್ಥರು ಇದನ್ನು ಕ್ರೀಡಾ ರೈಫಲ್ ಎನ್ನುತ್ತಾರೆ. ಓಹಿಯೋದ ಕ್ಯಾಂಪ್ ಪೆರಿಯಲ್ಲಿ ಜರಗುವ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಈ ಮಾದರಿ ಬಳಕೆಯಲ್ಲಿದೆ, ಟೆಕ್ಸಾಸ್‌ನ ರೈತರು ಹೊಲ ಹಾಳು ಮಾಡುವ ಕಾಡುಹಂದಿಗೂ ಇದನ್ನೇ ಹಿಡಿಯುತ್ತಾರೆ. ಅದೇ ಹೊತ್ತಿಗೆ 2012ರಲ್ಲಿ ಸ್ಯಾಂಡಿಹುಕ್ ಶಾಲೆಯಲ್ಲಿ 20 ಮಕ್ಕಳನ್ನೂ, 2022ರಲ್ಲಿ ಟೆಕ್ಸಾಸ್‌ನದ್ದೇ ಉವಾಲ್ಡೆ ಶಾಲೆಯಲ್ಲಿ 19 ಮಕ್ಕಳನ್ನೂ ಬಲಿ ತೆಗೆದುಕೊಂಡದ್ದೂ ಇಂಥದೇ ರೈಫಲ್. ತಂದೆ ಎರಡನ್ನೂ ಹಾಳೆಯಲ್ಲಿ ಬರೆದುಕೊಂಡರು.

ಕೊಂಡರೇನು, ಜೋಡಿಸಿದರೇನು?

ಕೊಳ್ಳುವ ಕಲಮು ಸರಳ. ಆರಂಭಿಕ ದರ್ಜೆಯ ರೈಫಲ್ ಸುಮಾರು 500-600 ಡಾಲರಿಗೆ ಸಿಗುತ್ತದೆ, ಒಳ್ಳೆಯದಕ್ಕೆ ಅದರ ಎರಡು ಮೂರು ಪಟ್ಟು. ಕಾರ್ಖಾನೆಯಲ್ಲಿ ಪರೀಕ್ಷೆಯಾಗಿರುತ್ತದೆ, ಗ್ಯಾರಂಟಿ ಇರುತ್ತದೆ, ಮಾರುವಾಗಲೂ ಬೆಲೆ ಬರುತ್ತದೆ. ಪರವಾನಗಿ ಹೊಂದಿದ ವ್ಯಾಪಾರಿಯ ಅಂಗಡಿಯಲ್ಲಿ 4473 ಎಂಬ ಕೇಂದ್ರ ಸರಕಾರದ ಫಾರ್ಮ್ ತುಂಬಬೇಕು, 1998ರಿಂದ ಜಾರಿಯಲ್ಲಿರುವ ಹಿನ್ನೆಲೆ ತಪಾಸಣೆ ನಡೆಯುತ್ತದೆ. ರೈಫಲ್‌ಗೆ ವಯಸ್ಸು 18 ತುಂಬಿರಬೇಕು.

ಜೋಡಿಸುವ ಕಲಮಿನಲ್ಲಿ ಸೂಕ್ಷ್ಮಗಳಿವೆ. ಟ್ರಿಗರ್ ಕೂರುವ ಕೆಳಚೌಕಟ್ಟಿಗೆ ಲೋವರ್ ರಿಸೀವರ್ ಎನ್ನುತ್ತಾರೆ. ಕಾನೂನಿನ ಲೆಕ್ಕದಲ್ಲಿ ಆ ಒಂದು ತುಂಡೇ 'ಬಂದೂಕು', ಕ್ರಮಸಂಖ್ಯೆ ಇರುವುದೂ ಅದರ ಮೇಲೆಯೇ. ನಳಿಗೆ, ಬೋಲ್ಟ್, ಹಿಡಿ, ಸ್ಪ್ರಿಂಗ್ ಇತ್ಯಾದಿ ಅಂಚೆಯಲ್ಲೂ ಬರುತ್ತವೆ, ಲೋವರ್ ಮಾತ್ರ ಅಂಗಡಿಯಿಂದಲೇ ಪಡೆಯಬೇಕು, ಅದೇ ಫಾರ್ಮ್, ಅದೇ ತಪಾಸಣೆ. ಅದಕ್ಕೆ ವ್ಯಾಪಾರಿ ಕೇಳುವ ವಯಸ್ಸು 21. ಸ್ವಂತ ಉಪಯೋಗಕ್ಕೆ ಜೋಡಿಸಲು ಕೇಂದ್ರ ಕಾನೂನಿನಲ್ಲಿ ಪರವಾನಗಿ ಬೇಡ, ಮಾರುವ ಉದ್ದೇಶದಿಂದ ತಯಾರಿಸಿದರೆ ಬೇಕು. ನಳಿಗೆ 16 ಇಂಚಿಗಿಂತ ಗಿಡ್ಡವಾದರೆ ಮುಂಚಿತವಾಗಿಯೇ ಸರಕಾರದಲ್ಲಿ ನೋಂದಣಿ ಆಗಬೇಕು, ಇಲ್ಲವಾದರೆ ಅದು ಗಂಭೀರ ಅಪರಾಧ. ನಂಬರಿಲ್ಲದ ಅರೆಸಿದ್ಧ ಕಿಟ್‌ಗಳಿಗೆ 2022ರಲ್ಲಿ ತಂದ ನಿಯಮವನ್ನು 2025ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ.

ಕೈಕೆಲಸದಲ್ಲೂ ಹಗುರವಾಗಿ ಕಾಣಬಾರದು. ನಳಿಗೆಯ ನಟ್ಟನ್ನು ಅಳತೆಯ ಬಿಗಿತಕ್ಕೆ ತಿರುಗಿಸಲು ಟಾರ್ಕ್ ವ್ರೆಂಚ್ ಬೇಕು, ಹಿಡಿದು ನಿಲ್ಲಿಸಲು ಬೆಂಚ್ ವೈಸ್ ಬೇಕು. ಬೋಲ್ಟು ಮತ್ತು ಗುಂಡಿನ ಕೋಣೆಯ ನಡುವಿನ ಅಂತರವನ್ನು ಗೇಜ್ ಹಾಕಿ ನೋಡಬೇಕು. ಆ ಅಂತರ ತಪ್ಪಿದರೆ ಗುಂಡಿನ ಹಿತ್ತಾಳೆ ಕವಚ ಮುಖದ ಬಳಿಯೇ ಬಿರಿಯಬಹುದು. ನಳಿಗೆಯ ಮೇಲೆ ಕೊರೆದಿರುವ ಅಕ್ಷರವನ್ನೂ ಓದಬೇಕು: 5.56 ಎಂದಿದ್ದರೆ .223 ರೆಮಿಂಗ್ಟನ್ ಗುಂಡನ್ನೂ ಹಾಕಬಹುದು, ಬರೀ .223 ಎಂದಿದ್ದರೆ 5.56 ಹಾಕಬಾರದು. ನೋಡಲು ಎರಡೂ ಅವಳಿ ಮಕ್ಕಳಂತೆ. ಹತಾರಗಳ ಖರ್ಚನ್ನು ಸೇರಿಸಿ ಕೂಡಿಸಿದಾಗ, ಮೊದಲ ಸಲ ಜೋಡಿಸುವವನಿಗೆ ಉಳಿತಾಯವೇನೂ ಕಾಣಲಿಲ್ಲ. ಸಿಗುವುದು ಬೇಕಾದ ನಳಿಗೆ, ಬೇಕಾದ ಟ್ರಿಗರ್, ಜೊತೆಗೆ ಯಂತ್ರದ ಒಳಗುಟ್ಟು ತಿಳಿದ ತೃಪ್ತಿ.

ಇದೇ ಕೆಲಸವನ್ನು ಡೊಂಬಿವಲಿಯಲ್ಲಿ ಮಾಡಿದರೆ? 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಪರವಾನಗಿ ಇಲ್ಲದೆ ಬಂದೂಕು ತಯಾರಿಸಿದವನಿಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಸಜೆ. ಒಂದು ದೇಶದ ಹವ್ಯಾಸ ಇನ್ನೊಂದು ದೇಶದ ಜೈಲು ಎಂದು ತಂದೆ ಹಾಳೆಯ ಅಂಚಿನಲ್ಲಿ ಬರೆದರು.

ರಾಜ್ಯ ಬದಲಾದರೆ ಕಾನೂನೂ ಬದಲು. ಟೆಕ್ಸಾಸ್‌ನಲ್ಲಿ ಸಲ್ಲುವುದು ಕನ್ನಡಿಗರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ಸಲ್ಲದು. ನ್ಯೂಯಾರ್ಕ್, ಮೆರಿಲ್ಯಾಂಡ್, ಮಸಾಚುಸೆಟ್ಸ್, ಕನೆಕ್ಟಿಕಟ್‌ಗಳಲ್ಲೂ ಈ ಮಾದರಿಗೆ ಕಟ್ಟುನಿಟ್ಟಿನ ತಡೆಯಿದೆ, ಇಲಿನಾಯ್ ಮತ್ತು ವಾಷಿಂಗ್ಟನ್ ರಾಜ್ಯಗಳು 2023ರಲ್ಲಿ ಅದೇ ದಾರಿ ಹಿಡಿದವು. ಪ್ರಾಜೆಕ್ಟ್ ಮುಗಿದು ಊರು ಬದಲಾಯಿಸುವ ಐಟಿ ಹುಡುಗರು ಸಾಮಾನು ಕಟ್ಟುವ ಮೊದಲೇ ಇದನ್ನು ಯೋಚಿಸಬೇಕು.

ಮೊದಲ ಪ್ರಶ್ನೆ ವೀಸಾದ್ದು

ಎರಡು ಕಲಮು ತುಂಬಿದ ಮೇಲೆ ಮಗ ಅಂಗಡಿಯ ಫಾರ್ಮನ್ನು ಸಾವಧಾನವಾಗಿ ಓದಿದ. ಅಲ್ಲೊಂದು ಪ್ರಶ್ನೆ ಇತ್ತು: ನೀವು ವಲಸೆಯೇತರ ವೀಸಾದಲ್ಲಿ ಬಂದವರೇ?

ಅಷ್ಟರವರೆಗೆ ತಂದೆ ಮಗ ಇಬ್ಬರೂ ತಪ್ಪು ಕಡೆಯಿಂದ ಲೆಕ್ಕ ಹಾಕುತ್ತಿದ್ದರು. ಅಮೆರಿಕದ ಕೇಂದ್ರ ಕಾನೂನಿನಂತೆ ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಾಗಲಿ, ಗುಂಡನ್ನಾಗಲಿ ಪಡೆಯುವಂತಿಲ್ಲ, ವಶದಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಎಚ್-1ಬಿ, ಎಲ್-1, ವಿದ್ಯಾರ್ಥಿಗಳ ಎಫ್-1, ಪತ್ನಿಯರ ಎಚ್-4, ಎಲ್ಲವೂ ಇದರಲ್ಲಿ ಬರುತ್ತವೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಮುಂತಾದ ಕೆಲವೇ ವಿನಾಯಿತಿಗಳಿವೆ. ಮೀರಿದವರಿಗೆ 2022ರ ತಿದ್ದುಪಡಿಯ ಬಳಿಕ 15 ವರ್ಷಗಳ ತನಕ ಸಜೆಯಾಗಬಹುದು. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಆದರೆ ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ ಅವರನ್ನೂ ಗಡೀಪಾರು ಮಾಡಲು ವಲಸೆ ಕಾನೂನಿನಲ್ಲಿ ಅವಕಾಶವಿದೆ.

'ವಶ' ಎಂದರೆ ಮನೆಯಲ್ಲಿ ಇಡುವುದು ಮಾತ್ರವಲ್ಲ. ರೇಂಜಿನಲ್ಲಿ ಬಾಡಿಗೆಗೆ ಪಡೆಯುವುದಕ್ಕೂ, ಗೆಳೆಯನ ರೈಫಲನ್ನು ಐದು ನಿಮಿಷ ಹಿಡಿದು ಹಾರಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಫ್ಲೋರಿಡಾದಲ್ಲಿ ಯುಎಇಯಿಂದ ಓದಲು ಬಂದಿದ್ದ ವಿದ್ಯಾರ್ಥಿಯೊಬ್ಬ ಕಡಿಮೆ ಅಂಕಗಳಿಂದಾಗಿ ಕಾಲೇಜಿನಿಂದ ಹೊರಬಿದ್ದು ವೀಸಾ ಸ್ಥಾನ ಕಳೆದುಕೊಂಡಿದ್ದ. ಬಳಿಕ ರೇಂಜಿನಲ್ಲಿ ಗುಂಡು ಹಾರಿಸಿದ್ದಕ್ಕೆ ಅವನಿಗೆ 18 ತಿಂಗಳ ಸಜೆಯಾಯಿತು. ತಾನು ಅಕ್ರಮವಾಗಿ ಉಳಿದಿದ್ದೇನೆಂದು ಆತನಿಗೆ ತಿಳಿದಿತ್ತೆಂಬುದನ್ನೂ ಸರಕಾರ ಸಾಬೀತುಪಡಿಸಬೇಕೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿತೇನೋ ನಿಜ. ಆದರೆ ಆ ಮಾತು ಹೇಳಿಸಲು ಅವನು ದೇಶದ ಅತ್ಯುನ್ನತ ನ್ಯಾಯಾಲಯದ ತನಕ ಹೋಗಬೇಕಾಯಿತು.

ನೋಡಲು ಹೋಗುವ ಹೆತ್ತವರೂ

ತಂದೆಗೆ ನಿಜವಾಗಿ ಬೆವರು ಬಂದದ್ದು ಇಲ್ಲಿ. ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಹೋಗುವ ನಮ್ಮ ಸಂಘದ ಹಿರಿಯರೆಲ್ಲರ ಬಿ-2 ವೀಸಾ ಕೂಡ ವಲಸೆಯೇತರವೇ. "ಅಪ್ಪಾ, ಒಂದು ಗುಂಡು ಹೊಡೆಯಿರಿ, ಫೋಟೊ ತೆಗೀತೇನೆ" ಎಂಬ ಪ್ರೀತಿಯ ಒತ್ತಾಯಕ್ಕೆ ಮಣಿದರೆ ಅಪರಾಧಿಯಾಗುವುದು ಅಪ್ಪನೇ. ಆ ಫೋಟೊವೇ ಸಾಕ್ಷಿ.

ಇನ್ನೊಂದು ಅಪಾಯ ಮರಳಿ ಬರುವಾಗಿನದ್ದು. ರೇಂಜಿಗೆ ಒಯ್ದ ಬ್ಯಾಗನ್ನೇ ಊರಿಗೆ ತಂದು, ಅದರ ಮೂಲೆಯಲ್ಲಿ ಮರೆತುಹೋದ ಒಂದು ಸಜೀವ ಗುಂಡು ಸ್ಕ್ಯಾನರಿನಲ್ಲಿ ಕಂಡು ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಕರಣ ದಾಖಲಾದ ಉದಾಹರಣೆಗಳು ಹಲವಿವೆ. ಗೊತ್ತಿಲ್ಲದೆ ಬಂದದ್ದು ಎಂದು ನ್ಯಾಯಾಲಯ ಒಪ್ಪುವ ತನಕ ವಿಮಾನವೂ ಹೋಯಿತು, ನೆಮ್ಮದಿಯೂ ಹೋಯಿತು.

ಮನೆಯೊಳಗಿನ ಲೆಕ್ಕ

ಬಂದೂಕು ಕನ್ನಡನಾಡಿಗೆ ಅಪರಿಚಿತವೇನಲ್ಲ. ಕೊಡಗಿನಲ್ಲಿ ಕೈಲ್ ಪೊಳ್ದ್‌ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿದೆ. ಅಲ್ಲಿ ಕೋವಿಯೊಂದಿಗೆ ಹಿರಿಯರ ಕಣ್ಣು, ಒಕ್ಕದ ಮರ್ಯಾದೆ, ತಲೆಮಾರುಗಳ ಕಟ್ಟುಪಾಡು ಇದೆ. ಅಪಾರ್ಟ್‌ಮೆಂಟಿನಲ್ಲಿ ಒಂಟಿಯಾಗಿರುವ ಹುಡುಗನಿಗೆ ಆ ಕಟ್ಟುಪಾಡನ್ನು ಅಂಗಡಿಯವನು ಕಟ್ಟಿಕೊಡುವುದಿಲ್ಲ.

ಅಂಕಿಅಂಶ ಇನ್ನೂ ಗಂಭೀರ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ 48,830 ಮಂದಿ ಸತ್ತರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. 2020ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಅಪಘಾತವನ್ನೂ ಹಿಂದಿಕ್ಕಿ ಬಂದೂಕೇ ಮೊದಲ ಕಾರಣವಾಯಿತು. ಕೆಲಸ ಹೋದ ದಿನ, ವೀಸಾ ತಿರಸ್ಕೃತವಾದ ರಾತ್ರಿ, ಮನೆಯಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನೂ ಕೊಳ್ಳುವ ಮೊದಲೇ ನಿರ್ಧರಿಸಬೇಕು. ಕಾನೂನಿನಂತೆ ಕೊಳ್ಳುವ ಅರ್ಹತೆ ಇದ್ದವರಿಗೂ ಗುಂಡು ತೆಗೆದಿಟ್ಟ ರೈಫಲ್, ಬೀಗ ಹಾಕಿದ ಪೆಟ್ಟಿಗೆ, ಬೇರೆ ಬೀಗದಲ್ಲಿ ಗುಂಡು, ಇಷ್ಟು ಇಲ್ಲದೆ ಲೆಕ್ಕ ಪೂರ್ಣವಾಗದು.

ಮೂರನೆಯ ಕಲಮು

ಮುಂದಿನ ರವಿವಾರ ಫೋನು ಬಂದಾಗ ಹೆಚ್ಚು ಮಾತು ಬೇಕಾಗಲಿಲ್ಲ. ಬೇಟೆ ಪರವಾನಗಿ ಮಾಡಿಸಿದರೆ ದಾರಿಯಿದೆ ಎಂದು ಸಹೋದ್ಯೋಗಿಗಳು ಹೇಳಿದ್ದರಂತೆ. "ದಾರಿ ಇದೆ ನಿಜ ಅಪ್ಪಾ. ಆದರೆ ಒಂದು ಕಾರ್ಡಿನ ತಾರೀಕು ಮರೆತರೆ ಹತ್ತು ವರ್ಷದ ದುಡಿಮೆ ಹೋಗ್ತದೆ. ನನಗೆ ಬೇಟೆಯೂ ಬೇಡ, ಗುರಿ ಹಿಡಿಯುವುದು ಬೇಕಿತ್ತು, ಅಷ್ಟೇ" ಎಂದ ಮಗ.

ಆಗ ತಂದೆ ನೆನಪಿಸಿದ್ದು ಸುಮಾ ಶಿರೂರು ಅವರನ್ನು. ಚಿಕ್ಕಬಳ್ಳಾಪುರದಲ್ಲಿ ಜನಿಸಿ, ಮುಂಬಯಿ ಪರಿಸರದಲ್ಲಿ ಬೆಳಗಿ, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದ ಶೂಟರ್ ಅವರು. ಅದೇ ವರ್ಷ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 400ಕ್ಕೆ 400 ಅಂಕ ಗಳಿಸಿದ್ದು ಏರ್ ರೈಫಲ್‌ನಲ್ಲಿ. ಹತ್ತು ಮೀಟರ್ ದೂರ, ಒಂದು ಸಲಕ್ಕೆ ಒಂದೇ ಗುಂಡು, ಅರ್ಧ ಮಿಲಿಮೀಟರಿನ ಚುಕ್ಕೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಏರ್ ರೈಫಲ್ 'ಬಂದೂಕು' ಎನಿಸುವುದಿಲ್ಲ. ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಮಾತ್ರ ಅದಕ್ಕೂ ಕಟ್ಟಳೆಗಳಿವೆ. ಮಗ ಈಗ ಏರ್ ರೈಫಲ್ ಅಭ್ಯಾಸಕ್ಕೆ ಸೇರಿದ್ದಾನೆ. ದೊಡ್ಡ ರೈಫಲ್‌ನ ವಿಚಾರ ಗ್ರೀನ್ ಕಾರ್ಡ್ ಬಂದ ದಿನ ಮತ್ತೆ ತೆಗೆಯುವುದೆಂದು ಮಾತಾಗಿದೆ. ಭಾರತೀಯರ ಸರದಿ ಎಷ್ಟು ಉದ್ದವಿದೆಯೆಂದು ಇಬ್ಬರಿಗೂ ಗೊತ್ತು.

ಕ್ಯಾಲೆಂಡರಿನ ಆ ಹಾಳೆ ಸಂಘದ ಕಡತದಲ್ಲಿ ಈಗಲೂ ಇದೆ. ಮಕ್ಕಳ ಬಳಿಗೆ ಹೊರಟ ಸದಸ್ಯರು ಅದರ ಝೆರಾಕ್ಸ್ ಕೇಳಿ ಪಡೆಯುತ್ತಾರೆ. ಕೊಡುವಾಗ ಅವರು ಸೇರಿಸುವ ಸೂಚನೆ ಒಂದೇ: "ಮೊದಲು ವೀಸಾ ನೋಡಿ, ಆಮೇಲೆ ರಾಜ್ಯ ನೋಡಿ, ಆಮೇಲೆ ಮನೆ ನೋಡಿ. ಕೊಳ್ಳುವುದೋ ಜೋಡಿಸುವುದೋ ಎಂಬುದು ನಾಲ್ಕನೆಯ ಪ್ರಶ್ನೆ."