ಯಾರು ಮೇಲು, ಮ್ಯಾನಿಂಗೋ ಲೀಫೋ?

ಅಮೆರಿಕದ ಫುಟ್‌ಬಾಲ್ ನಾವು ಆಡುವ ಕಾಲ್ಚೆಂಡಲ್ಲ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡ್ತಾರೆ, ಎಸೀತಾರೆ. ಎಸೆಯುವ ಮುಖ್ಯ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಕಾಲೇಜಿನಲ್ಲಿ ಚೆನ್ನಾಗಿ ಆಡಿದವರನ್ನು ವೃತ್ತಿ ತಂಡಗಳು ಪ್ರತಿವರ್ಷ ಸರದಿಯಂತೆ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೇ ಮೊದಲ ಸರದಿ! ನಮ್ಮಲ್ಲಿ ಕಬಡ್ಡಿಗೆ ಹುಡುಗರನ್ನು ಆರಿಸುವಾಗ ಯಾರೂ ಹೀಗೆ ಬಿಟ್ಟುಕೊಡಲ್ಲ.

೧೯೯೮ರಲ್ಲಿ ಇಬ್ಬರ ಮೇಲೆ ಎಲ್ಲರ ಕಣ್ಣು. ಟೆನೆಸಿ ವಿಶ್ವವಿದ್ಯಾಲಯದ ಪೇಟನ್ ಮ್ಯಾನಿಂಗ್ ನಾಲ್ಕು ವರ್ಷ ಪೂರ್ತಿ ಕಾಲೇಜಿನಲ್ಲಿ ಆಡಿದವನು. ಅವನಪ್ಪನೂ ಕ್ವಾರ್ಟರ್‌ಬ್ಯಾಕ್. ವಾಷಿಂಗ್ಟನ್ ಸ್ಟೇಟ್‌ನ ರಯಾನ್ ಲೀಫ್‌ಗೆ ತೋಳ್ಬಲ ಜಾಸ್ತಿ ಅಂತ ಹಲವರ ವಾದ. ಇಂಡಿಯಾನಾಪೊಲಿಸ್ ತಂಡ ಮೊದಲು ಮ್ಯಾನಿಂಗನನ್ನು ಆರಿಸಿತು, ಆಮೇಲೆ ಸ್ಯಾನ್ ಡಿಯಾಗೋ ಲೀಫನನ್ನು. ಮೊದಲ ವರ್ಷ ಮ್ಯಾನಿಂಗನ ೨೮ ಎಸೆತ ಎದುರಾಳಿಗಳ ಕೈಗೆ ಸಿಕ್ಕವು. ತಂಡ ಗೆದ್ದದ್ದು ೩, ಸೋತದ್ದು ೧೩. ಆದರೂ ಅವನು ಕಲಿಯುತ್ತಾ ಹೋದ. ೨೦೦೭ ಮತ್ತು ೨೦೧೬ರಲ್ಲಿ ಸೂಪರ್ ಬೌಲ್ ಗೆದ್ದ. ಲೀಫ್ ಒಟ್ಟು ಆಡಿದ್ದೇ ೨೫ ಪಂದ್ಯ. ಎತ್ತರ, ಓಟ ಎಲ್ಲಾ ಅಳೀಬಹುದು. ಸೋತ ಮಾರನೇ ದಿನ ಹೇಗಿರ್ತಾನೆ ಅಂತ ಅಳೆಯೋಕೆ ಟೇಪು ಎಲ್ಲಿದೆ?

ಇನ್ನೊಂದು ತಮಾಷೆ ಕೇಳಿ. ೨೦೦೦ದ ಡ್ರಾಫ್ಟಿನಲ್ಲಿ ಟಾಮ್ ಬ್ರೇಡಿಯನ್ನು ಆರಿಸಿದ್ದು ೧೯೯ನೆಯವನಾಗಿ. ಅವನು ಗೆದ್ದ ಸೂಪರ್ ಬೌಲ್ ಏಳು!